ಐಸ್‌ಲ್ಯಾಂಡ್‌ನ ಹಿಮನದಿ ನೋಡಲು ಹೊರಟವರಿಗೆ: ವೀಸಾದಿಂದ ಕ್ರಾಂಪಾನ್‌ವರೆಗೆ

ರಾಜಧಾನಿ ರೇಕ್ಯಾವಿಕ್‌ನಲ್ಲಿ ಬೆಳಿಗ್ಗೆ ಹತ್ತಿಸಿಕೊಂಡು, ಯೋಕುಲ್ಸಾರ್ಲೋನ್ ಹಿಮಸರೋವರ ತೋರಿಸಿ, ರಾತ್ರಿ ವಾಪಸ್ ತಂದು ಇಳಿಸುವ ಬಸ್ ಟೂರ್‌ಗಳು ಬೇಕಾದಷ್ಟಿವೆ. ಹೋಗಲು ಸುಮಾರು 375 ಕಿ.ಮೀ., ಬರಲು ಮತ್ತೆ ಅಷ್ಟೇ. ಒಟ್ಟು 14 ಗಂಟೆಯ ದಿನ. ಅದರಲ್ಲಿ ಸರೋವರದ ದಡದಲ್ಲಿ ನಿಲ್ಲಲು ಸಿಗುವುದು ಒಂದೆರಡು ಗಂಟೆ. ಸರಿಯಾಗಿ ಅದೇ ಹೊತ್ತಿಗೆ ಮಳೆ ಹಿಡಿದರೆ ಅಥವಾ ಮಂಜು ಕವಿದರೆ ಎದುರಿಗೆ ಏನಿದೆ ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಹಿಮನದಿ ನೋಡುವುದೇ ನಿಮ್ಮ ಮುಖ್ಯ ಆಸೆಯಾದರೆ ಆ ಟೂರ್ ಬೇಡ. ಹಿಮನದಿಯ ಹತ್ತಿರವೇ ಎರಡು ರಾತ್ರಿ ಉಳಿಯಿರಿ, ಆಗದಿದ್ದರೆ ಒಂದಾದರೂ. ಯಾವ ದಿನ ಏನು ನೋಡಬೇಕು ಅನ್ನುವುದನ್ನು ಅಲ್ಲಿನ ಗಾಳಿ ಮಳೆಗೆ ಬಿಡಿ. ದುಡ್ಡು ಸಾಲದಿದ್ದರೆ ಬ್ಲೂ ಲಗೂನ್ ಬಿಟ್ಟುಬಿಡಿ, ನಷ್ಟವೇನಿಲ್ಲ. ಅಂದಹಾಗೆ ಬ್ಲೂ ಲಗೂನ್‌ಗೂ ಹಿಮನದಿಗೂ ಏನೂ ಸಂಬಂಧವಿಲ್ಲ. ಅದು ಭೂಶಾಖದ ವಿದ್ಯುತ್ ಸ್ಥಾವರದಿಂದ ಹೊರಬಂದ ಬಿಸಿನೀರಿನ ಕೊಳ. ಹೆಸರು ಕೇಳಿ ಹಿಮಸರೋವರ ಅಂದುಕೊಂಡು ಬುಕ್ ಮಾಡುವವರಿದ್ದಾರೆ, ಅದಕ್ಕೆ ಹೇಳಿದೆ.

ನೋಡಲು ಹೋಗುತ್ತಿರುವುದು ಏನನ್ನು

ಮನಾಲಿಯಲ್ಲೋ ಗುಲ್ಮಾರ್ಗ್‌ನಲ್ಲೋ ಹಿಮ ಮುಟ್ಟಿ ಬಂದವರು "ಅದೇ ತಾನೇ" ಅನ್ನುತ್ತಾರೆ. ಅದಲ್ಲ. ಅಲ್ಲಿ ಆಡಿದ್ದು ಆ ವರ್ಷ ಬಿದ್ದ ಹಿಮದಲ್ಲಿ, ಬೇಸಿಗೆ ಬಂದರೆ ಅದು ನೀರು. ಹಿಮನದಿ ಅಂದರೆ ವರ್ಷವರ್ಷವೂ ಕರಗದೆ ಉಳಿದ ಹಿಮ ಪದರದ ಮೇಲೆ ಪದರ ಕೂತು, ಮೇಲಿನ ಭಾರಕ್ಕೆ ಒಳಗಿನ ಗಾಳಿ ಬಹುಪಾಲು ಹೊರಗೆ ಹೋಗಿ, ತಳದ್ದು ಗಟ್ಟಿ ಮಂಜುಗಡ್ಡೆಯಾಗಿ, ಕೊನೆಗೆ ಇಡೀ ರಾಶಿಯೇ ಇಳಿಜಾರಿನಲ್ಲಿ ಹರಿಯಲು ಶುರುಮಾಡಿದ್ದು. ಓರೆ ಮಾಡಿದ ತಟ್ಟೆಯಲ್ಲಿ ಜೋನಿಬೆಲ್ಲ ಇಳಿಯುತ್ತದಲ್ಲ, ಹಾಗೆ. ಕಣ್ಣಿಗೆ ಚಲನೆ ಕಾಣುವುದಿಲ್ಲ, ಆದರೆ ಹರಿಯುತ್ತಲೇ ಇರುತ್ತದೆ. ಹರಿಯುವುದರಿಂದಲೇ ಬಿರುಕು ಬಿಡುತ್ತದೆ, ಕುಸಿಯುತ್ತದೆ, ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ.

ಐಸ್‌ಲ್ಯಾಂಡ್‌ನ ಅತಿ ದೊಡ್ಡ ಹಿಮರಾಶಿ ವಾಟ್ನಾಯೋಕುಲ್. ದೇಶದ ನೆಲದಲ್ಲಿ ಸುಮಾರು 8 ಭಾಗ, ಅಂದರೆ ನೂರಕ್ಕೆ ಎಂಟರಷ್ಟು, ಇದೊಂದೇ ಹಿಡಿದುಕೊಂಡಿದೆ. ಅದರಿಂದ ನಾಲಗೆಗಳಂತೆ ಹಲವು ಹಿಮನದಿಗಳು ಕೆಳಗಿಳಿಯುತ್ತವೆ. ಅವುಗಳಲ್ಲಿ ಒಂದು ಬ್ರೇಡಾಮೆರ್ಕುರ್‌ಯೋಕುಲ್. ಇದು ಒಂದು ಕಾಲಕ್ಕೆ ಸಮುದ್ರದ ಹತ್ತಿರದವರೆಗೂ ಬಂದಿತ್ತು. 1930ರ ದಶಕದಲ್ಲಿ ಹಿಂದೆ ಸರಿಯುತ್ತಾ ಹೋದಂತೆ, ಅದು ಕೊರೆದಿಟ್ಟ ಗುಂಡಿಯಲ್ಲಿ ನೀರು ತುಂಬಿ ಯೋಕುಲ್ಸಾರ್ಲೋನ್ ಹುಟ್ಟಿತು. ಇವತ್ತು ಅದರ ಆಳ 240 ಮೀಟರ್‌ಗಿಂತ ಜಾಸ್ತಿ, ಐಸ್‌ಲ್ಯಾಂಡ್‌ನಲ್ಲೇ ಅತಿ ಆಳದ ಸರೋವರ. ಹಿಮನದಿ ಇನ್ನೂ ಹಿಂದೆ ಸರಿಯುತ್ತಿದೆ, ಸರೋವರ ಇನ್ನೂ ಬೆಳೆಯುತ್ತಿದೆ. ಚೆಂದ ಅಂತ ನಾವು ನೋಡಲು ಹೋಗುವುದು ನಿಜಕ್ಕೂ ಒಂದು ಹಿಮನದಿ ಕರಗಿದ ಗುರುತನ್ನು.

ಇನ್ನೊಂದು ವಿಷಯ ತಲೆಯಲ್ಲಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಸರೋವರ ಒಂದು ಚಿಕ್ಕ ಹೊಳೆಯ ಮೂಲಕ ನೇರ ಅಟ್ಲಾಂಟಿಕ್ ಸಾಗರಕ್ಕೆ ಸೇರುತ್ತದೆ. ಭರತದ ಹೊತ್ತಿನಲ್ಲಿ ಸಮುದ್ರದ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ, ಹೋಗುವಾಗ ಮಂಜುಗಡ್ಡೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಏನು ಕಾಣುತ್ತದೆ ಅನ್ನುವುದು ಅರ್ಧ ಈ ಉಬ್ಬರ ಇಳಿತದ ಮೇಲೆಯೇ ನಿಂತಿದೆ.

ಹಂತ 1: ತಿಂಗಳು ಆರಿಸುವುದು

ಇಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು. ಸರೋವರದ ಬೋಟ್‌ಗಳು ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ನೀಲಿ ಹಿಮಗುಹೆಗಳು ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ. ಬೋಟೂ ಬೇಕು ಗುಹೆಯೂ ಬೇಕು ಅಂದರೆ ಒಂದೇ ಪ್ರವಾಸದಲ್ಲಿ ಕಷ್ಟ. ಹಿಮನದಿಯ ಮೇಲಿನ ನಡಿಗೆ ಮಾತ್ರ ವರ್ಷವಿಡೀ ಇರುತ್ತದೆ.

ಜೂನ್, ಜುಲೈನಲ್ಲಿ ರಾತ್ರಿ ಸರಿಯಾಗಿ ಕತ್ತಲೇ ಆಗುವುದಿಲ್ಲ. ರಾತ್ರಿ ಹತ್ತಕ್ಕೆ ಸರೋವರಕ್ಕೆ ಹೋದರೂ ಬೆಳಕಿರುತ್ತದೆ, ಬಸ್ಸುಗಳು ಹೊರಟುಹೋಗಿರುತ್ತವೆ. ರಸ್ತೆಯೂ ಸುಲಭ. ಆದರೆ ಜನ ಜಾಸ್ತಿ, ರೂಮಿನ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಹಸಿರಾಗಿ ಅಲೆಯುವ ಅರೋರಾ, ಅಂತೂ ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಹಗಲು ನಾಲ್ಕೈದು ಗಂಟೆ ಅಷ್ಟೇ, ಹಾಗಾಗಿ ಡ್ರೈವಿಂಗ್ ಬಹುಪಾಲು ಕತ್ತಲಲ್ಲಿ, ಹಿಮ ಬಿದ್ದ ರಸ್ತೆಯಲ್ಲಿ. ಹಿಮದಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದವರು ಚಳಿಗಾಲದಲ್ಲಿ ಸ್ವಂತ ಡ್ರೈವಿಂಗ್ ಮಾಡಬೇಡಿ. ಎರಡು ಮೂರು ದಿನದ ಸಣ್ಣ ಗುಂಪಿನ ಟೂರ್ ತೆಗೆದುಕೊಳ್ಳಿ. ಆಗುಂಬೆ ಘಾಟಿಯ ಮಳೆಯಲ್ಲಿ ಓಡಿಸಿದ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಬೋಟ್ ಇನ್ನೂ ಇರುತ್ತದೆ, ಹಗಲು ಸಾಕಷ್ಟು ಉದ್ದ, ರಾತ್ರಿ ಕತ್ತಲಾಗುವುದರಿಂದ ಅದೃಷ್ಟವಿದ್ದರೆ ಸರೋವರದ ಮೇಲೆ ಉತ್ತರದ ಬೆಳಕೂ ಸಿಗಬಹುದು. ಮಳೆ ಗಾಳಿ ಇರುತ್ತದೆ, ನಿಜ. ಆದರೆ ಆ ದಕ್ಷಿಣ ಕರಾವಳಿಯಲ್ಲಿ ಮಳೆ ಗಾಳಿ ಇಲ್ಲದ ತಿಂಗಳು ಯಾವುದು?

ಹಂತ 2: ಕಾಗದ ಪತ್ರ

ಐಸ್‌ಲ್ಯಾಂಡ್ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಸೇರಿದ್ದು. ಭಾರತದ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ ಬೇಕು, ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ಪ್ರವಾಸಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕೆಲಸ, ಕೊನೆಯ ತಿಂಗಳವರೆಗೆ ಕಾಯಬೇಡಿ. ಜೊತೆಗೆ ಪ್ಯಾರಿಸ್ಸೋ ಆಮ್‌ಸ್ಟರ್‌ಡ್ಯಾಮ್ಮೋ ಸೇರಿಸಿಕೊಂಡಿದ್ದರೆ, ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಈಗಾಗಲೇ ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಕೆಲಸದಲ್ಲಿರುವ ನಮ್ಮವರಿಗೆ ಈ ತಲೆನೋವಿಲ್ಲ. ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಪಾಸ್‌ಪೋರ್ಟ್ ಜೊತೆ ಅದನ್ನು ಹಿಡಿದುಕೊಂಡು ಬರಬಹುದು. ಊರಿನಿಂದ ಅಪ್ಪ ಅಮ್ಮ ಬಂದಿರುವಾಗ ಕರೆದುಕೊಂಡು ಹೋಗುವ ಯೋಚನೆಯಿದ್ದರೆ ಅವರ ವೀಸಾದ ದಿನಗಳನ್ನು ಮಾತ್ರ ಸರಿಯಾಗಿ ಲೆಕ್ಕ ಹಾಕಿ.

ಕಾರು ಓಡಿಸುವವರು ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ, ಬಾಡಿಗೆ ಕೌಂಟರ್‌ನಲ್ಲಿ ಎರಡನ್ನೂ ಕೇಳಬಹುದು.

ದುಡ್ಡಿನ ವಿಷಯದಲ್ಲಿ ಒಂದೇ ಮಾತು: ಕಾರ್ಡ್ ಎಲ್ಲೆಡೆ ನಡೆಯುತ್ತದೆ, ನೋಟು ಬೇಕಾಗುವುದೇ ಅಪರೂಪ, ಆದರೆ ಹೊರಡುವ ಮುಂಚೆ ಕಾರ್ಡಿನ ಪಿನ್ ಗೊತ್ತಿರಲಿ. ಹಳ್ಳಿಗಾಡಿನ ಪೆಟ್ರೋಲ್ ಬಂಕ್‌ಗಳಲ್ಲಿ ಮನುಷ್ಯರೇ ಇರುವುದಿಲ್ಲ, ಯಂತ್ರ ಪಿನ್ ಕೇಳುತ್ತದೆ. ಕ್ರೆಡಿಟ್ ಕಾರ್ಡಿನ ಪಿನ್ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿರುತ್ತದೆ ಹೇಳಿ?

ಹಂತ 3: ಕಾರು, ರಸ್ತೆ, ಗಾಳಿ

ಹಿಮಸರೋವರಕ್ಕೆ ಹೋಗಲು ಫೋರ್‌ವೀಲ್ ಡ್ರೈವ್ ಬೇಕೇಬೇಕು ಅಂತಿಲ್ಲ. ಬೇಸಿಗೆಯಲ್ಲಿ ಸಾಮಾನ್ಯ ಸಣ್ಣ ಕಾರು ಸಾಕು. ಇಡೀ ದಾರಿ ಒಂದನೇ ನಂಬರ್ ಹೆದ್ದಾರಿ, ಡಾಂಬರು, ಸರೋವರ ರಸ್ತೆಯ ಪಕ್ಕದಲ್ಲೇ. ಚಳಿಗಾಲಕ್ಕೆ ಮಾತ್ರ ಫೋರ್‌ವೀಲ್ ಮತ್ತು ಮೊಳೆ ಟೈರ್ ಇರುವ ಕಾರು ಕೇಳಿ.

ಅಲ್ಲಿ ಓಡಿಸುವುದು ಬಲಬದಿಯಲ್ಲಿ. ಊರಾಚೆ ಡಾಂಬರು ರಸ್ತೆಯಲ್ಲಿ ಮಿತಿ ಗಂಟೆಗೆ 90 ಕಿ.ಮೀ., ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು ಬರುತ್ತವೆ. ಮೊದಲು ತಲುಪಿದವರು ಮೊದಲು, ಅನುಮಾನ ಇದ್ದರೆ ನಿಲ್ಲಿಸಿ ಎದುರಿನವರಿಗೆ ಬಿಡಿ. ಫೋಟೊಗೆ ಅಂತ ರಸ್ತೆ ಮಧ್ಯೆ, ರಸ್ತೆ ಅಂಚಿನಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವ ಚಾಳಿ ಬೇಡ. ರಸ್ತೆ ಬಿಟ್ಟು ಪಾಚಿಯ ಮೇಲೋ ಮರಳ ಮೇಲೋ ಕಾರು ಇಳಿಸುವುದು ಕಾನೂನಿಗೆ ವಿರುದ್ಧ, ದಂಡ ಸಣ್ಣದಲ್ಲ. ಆ ಪಾಚಿ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು.

ಈಗ ಗಾಳಿ. ಇದನ್ನು ನಮ್ಮ ಕಡೆಯವರು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಅಂಥ ಗಾಳಿ ನಾವು ಕಂಡಿಲ್ಲ. ಕಾರಿನ ಬಾಗಿಲು ತೆಗೆದ ತಕ್ಷಣ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಮಡಚಿಬಿಡುತ್ತದೆ, ಹಿಂಜ್ ಬಗ್ಗುತ್ತದೆ. ಬಾಡಿಗೆ ಕಾರುಗಳ ವಿಮೆಯಲ್ಲಿ ಸಾಮಾನ್ಯವಾಗಿ ಈ ನಷ್ಟ ಸೇರಿರುವುದಿಲ್ಲ. ಆದ್ದರಿಂದ ಕಾರಿನ ಮೂತಿ ಗಾಳಿಯ ಕಡೆಗೆ ಮಾಡಿ ನಿಲ್ಲಿಸಿ, ಒಬ್ಬೊಬ್ಬರೇ ಇಳಿಯಿರಿ, ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಿಧಾನ ತೆಗೆಯಿರಿ. ಹಿಂದಿನ ಸೀಟಿನ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಿ. ಈ ಭಾಗದಲ್ಲಿ ಗಾಳಿಯ ಜೊತೆ ಕಪ್ಪು ಮರಳೂ ಏಳುತ್ತದೆ, ಕಾರಿನ ಬಣ್ಣ ಕೆರೆದುಹಾಕುತ್ತದೆ. ಮರಳು ಮತ್ತು ಬೂದಿಯ ವಿಮೆ ಅಂತ ಪ್ರತ್ಯೇಕವಾಗಿ ಮಾರುತ್ತಾರೆ. ದಕ್ಷಿಣ ಕರಾವಳಿಗೆ ಹೋಗುವವರು ತೆಗೆದುಕೊಳ್ಳುವುದು ಒಳ್ಳೆಯದು.

ಪ್ರತಿ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೂರು ಕಡೆ ನೋಡಿ. ಹವಾಮಾನಕ್ಕೆ ವೆದುರ್ ಡಾಟ್ ಐಎಸ್ (vedur.is), ರಸ್ತೆ ತೆರೆದಿದೆಯಾ ಅನ್ನುವುದಕ್ಕೆ ಉಮ್ಫೆರ್ಡಿನ್ ಡಾಟ್ ಐಎಸ್ (umferdin.is), ಒಟ್ಟಾರೆ ಎಚ್ಚರಿಕೆಗಳಿಗೆ ಸೇಫ್‌ಟ್ರಾವೆಲ್ ಡಾಟ್ ಐಎಸ್ (safetravel.is). ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತದೆ. ಹಳದಿ ಬಂದರೆ ಪ್ಲ್ಯಾನ್ ಬದಲಿಸಿ, ಕಿತ್ತಳೆ ಬಂದರೆ ರೂಮಿನಲ್ಲೇ ಕೂತಿರಿ. ತುರ್ತು ಸಂಖ್ಯೆ 112.

ಹಂತ 4: ಎಲ್ಲಿ ಉಳಿಯುವುದು

ರೇಕ್ಯಾವಿಕ್‌ನಿಂದ ವೀಕ್ ಊರಿಗೆ ಸುಮಾರು 185 ಕಿ.ಮೀ. ಅಲ್ಲಿಂದ ಸರೋವರಕ್ಕೆ ಹೆಚ್ಚುಕಡಿಮೆ ಇನ್ನೂ ಅಷ್ಟೇ. ವೀಕ್‌ನಲ್ಲಿ ರೂಮುಗಳು ಸಿಗುತ್ತವೆ ಅಂತ ಎಲ್ಲರೂ ಅಲ್ಲೇ ಮಾಡುತ್ತಾರೆ. ಆದರೆ ಹಿಮನದಿಗೆ ಅದು ದೂರವಾಯಿತು. ಸರೋವರಕ್ಕಿಂತ ಪಶ್ಚಿಮದಲ್ಲಿರುವ, ರಾಷ್ಟ್ರೀಯ ಉದ್ಯಾನದ ಭಾಗವಾದ ಸ್ಕಾಫ್ಟಾಫೆಲ್‌ನಿಂದ ಹೋಫ್ನ್ ಊರಿನವರೆಗಿನ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಊರು ಅಂತ ಇರುವುದಿಲ್ಲ, ಹೊಲಗಳ ಮಧ್ಯೆ ಒಂದೊಂದು ಗೆಸ್ಟ್‌ಹೌಸ್, ಅಷ್ಟೇ. ಬೇಸಿಗೆಗೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ, ವೀಸಾ ಬರುವವರೆಗೆ ದುಡ್ಡು ಕಳೆದುಕೊಳ್ಳದಂತೆ ರದ್ದು ಮಾಡಬಹುದಾದ ರೂಮನ್ನೇ ಆರಿಸಿ. ಹೋಫ್ನ್ ಬಂದರಿನ ಊರು, ಸರೋವರದಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ., ಅಲ್ಲಿ ಸೂಪರ್‌ಮಾರ್ಕೆಟ್ಟೂ ಪೆಟ್ರೋಲೂ ಹೋಟೆಲ್ಲೂ ಇವೆ. ಯೋಕುಲ್ಸಾರ್ಲೋನ್‌ನಲ್ಲಿ ಪೆಟ್ರೋಲ್ ಇಲ್ಲ. ಪಶ್ಚಿಮದಿಂದ ಬರುವವರು ವೀಕ್‌ನಲ್ಲಿ ಅಥವಾ ಕ್ಲೌಸ್ಟುರ್‌ನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ.

ದಾರಿಯಲ್ಲಿ ಸ್ಕಾಫ್ಟಾಫೆಲ್‌ಗೆ ಸ್ವಲ್ಪ ಮುಂಚೆ ರಸ್ತೆ ಪಕ್ಕದಲ್ಲಿ ನುಲಿದುಹೋದ ದೊಡ್ಡ ಕಬ್ಬಿಣದ ತೊಲೆಗಳು ಕಾಣುತ್ತವೆ. ಎರಡು ನಿಮಿಷ ನಿಲ್ಲಿಸಿ ನೋಡಿ. 1996ರಲ್ಲಿ ವಾಟ್ನಾಯೋಕುಲ್‌ನ ಅಡಿಯಲ್ಲಿ ಜ್ವಾಲಾಮುಖಿ ಸಿಡಿಯಿತು, ಕರಗಿದ ನೀರು ಒಳಗೇ ತುಂಬಿಕೊಂಡು ನವೆಂಬರ್‌ನಲ್ಲಿ ಒಮ್ಮೆಲೇ ನುಗ್ಗಿತು, ಮನೆಗಾತ್ರದ ಮಂಜುಗಡ್ಡೆಗಳನ್ನು ಹೊತ್ತು ತಂದು ಸೇತುವೆಯನ್ನೇ ಎತ್ತಿಕೊಂಡು ಹೋಯಿತು. ಅದೇ ಸೇತುವೆಯ ತುಂಡು ಅದು. ಈ ಹೆದ್ದಾರಿ ದೇಶ ಸುತ್ತಿ ಪೂರ್ತಿಯಾಗಿದ್ದು 1974ರಲ್ಲಿ, ಅಲ್ಲಿಯವರೆಗೆ ಈ ಭಾಗದವರು ರೇಕ್ಯಾವಿಕ್‌ಗೆ ಹೋಗಬೇಕಾದರೆ ಉತ್ತರದಿಂದ ಸುತ್ತಿ ಬರಬೇಕಿತ್ತು.

ಹಂತ 5: ಹಿಮನದಿಯ ಮೇಲೆ ನಡೆಯುವುದು

ಗೈಡ್ ಇಲ್ಲದೆ ಹತ್ತಬೇಡಿ. ಕಾಲುದಾರಿ ಹಿಮನದಿಯ ಅಂಚಿನವರೆಗೆ ಇರುತ್ತದೆ, ಎದುರಿಗೆ ಮಂಜುಗಡ್ಡೆ, ತಡೆಯುವವರು ಯಾರೂ ಇರುವುದಿಲ್ಲ, "ನಾಲ್ಕು ಹೆಜ್ಜೆ ಅಷ್ಟೇ" ಅನಿಸುತ್ತದೆ. ಅಲ್ಲೇ ನಿಲ್ಲಿ. ಮೇಲೆ ತೆಳುವಾಗಿ ಹಿಮ ಮುಚ್ಚಿದ ಬಿರುಕುಗಳಿರುತ್ತವೆ, ನೀರು ಸುತ್ತಿ ಸುತ್ತಿ ಕೊರೆದ ಬಾವಿಗಳಿರುತ್ತವೆ. 2007ರಲ್ಲಿ ಸ್ವೀನಾಫೆಲ್ಸ್‌ಯೋಕುಲ್ ಕಡೆ ಹೋದ ಇಬ್ಬರು ಜರ್ಮನ್ ಯುವಕರು ವಾಪಸ್ ಬರಲಿಲ್ಲ. ಅದೇ ಹಿಮನದಿಯ ಮೇಲಿನ ಬೆಟ್ಟದಲ್ಲಿ ದೊಡ್ಡ ಬಿರುಕು ಕಂಡ ಮೇಲೆ, 2018ರಿಂದ ಗೈಡ್‌ಗಳೂ ಅಲ್ಲಿಗೆ ಜನರನ್ನು ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದರು.

ಎರಡು ಜಾಗ ಹೇಳುತ್ತೇನೆ. ರೇಕ್ಯಾವಿಕ್‌ಗೆ ಹತ್ತಿರದ್ದು ಸೋಲ್ಹೈಮಾಯೋಕುಲ್, ಸುಮಾರು 160 ಕಿ.ಮೀ. ಇದು ಕಾಟ್ಲಾ ಜ್ವಾಲಾಮುಖಿಯನ್ನು ಮುಚ್ಚಿಕೊಂಡಿರುವ ಮಿರ್ದಾಲ್ಸ್‌ಯೋಕುಲ್‌ನಿಂದ ಇಳಿಯುವ ನಾಲಗೆ. ಬೂದಿ ಜಾಸ್ತಿ, ಕಪ್ಪು ಪಟ್ಟೆ ಪಟ್ಟೆ. ದಿನ ಕಡಿಮೆ ಇದ್ದವರಿಗೆ ಇದು ಸರಿ. ಇನ್ನೊಂದು ಸ್ಕಾಫ್ಟಾಫೆಲ್ ಸುತ್ತಲಿನ ಹಿಮನದಿಗಳು, ಮುಖ್ಯವಾಗಿ ಫಾಲ್‌ಯೋಕುಲ್. ಮೇಲಿನಿಂದ ಮಂಜುಗಡ್ಡೆ ಒಡೆದು ಒಡೆದು ಮೆಟ್ಟಿಲಾಗಿ ಇಳಿಯುವ ನೋಟ ಅಲ್ಲಿದೆ. ಎರಡು ರಾತ್ರಿ ಉಳಿಯುವವರು ಇದನ್ನೇ ಮಾಡಿ.

ಹೊಸಬರ ನಡಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಗಂಟೆ, ಅದರಲ್ಲಿ ಮಂಜುಗಡ್ಡೆಯ ಮೇಲೆ ಇರುವುದು ಒಂದೂವರೆ ಗಂಟೆಯಷ್ಟು. ಕ್ರಾಂಪಾನ್ (ಮಂಜುಗಡ್ಡೆಯ ಮೇಲೆ ಜಾರದಂತೆ ಬೂಟಿನಡಿಗೆ ಕಟ್ಟುವ ಲೋಹದ ಮೊಳೆಗಳ ಚೌಕಟ್ಟು), ಹೆಲ್ಮೆಟ್, ಐಸ್ ಕೊಡಲಿ, ಸೊಂಟದ ಪಟ್ಟಿ ಅವರೇ ಕೊಡುತ್ತಾರೆ. ಕಣಕಾಲು ಮುಚ್ಚುವ ಗಟ್ಟಿ ತಳದ ಬೂಟು ನಿಮ್ಮದು ಇರಬೇಕು ಅಥವಾ ಬಾಡಿಗೆಗೆ ತೆಗೆದುಕೊಳ್ಳಬೇಕು. ಮೆತ್ತನೆಯ ರನ್ನಿಂಗ್ ಶೂಗೆ ಕ್ರಾಂಪಾನ್ ಕೂರುವುದಿಲ್ಲ, ಕಟ್ಟಿದರೂ ಕಳಚುತ್ತದೆ. ಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ, ಬುಕ್ ಮಾಡುವಾಗ ನೋಡಿಕೊಳ್ಳಿ.

ಕ್ರಾಂಪಾನ್ ಹಾಕಿದ ಮೇಲೆ ನಡಿಗೆಯೇ ಬದಲಾಗಬೇಕು. ಹಿಮ್ಮಡಿ ಊರಿ ನಡೆಯಬೇಡಿ, ಪಾದ ಪೂರ್ತಿ ಸಮವಾಗಿ ಇಳಿಸಿ, ಎಲ್ಲ ಮೊಳೆಗಳೂ ಒಟ್ಟಿಗೆ ಕಚ್ಚಬೇಕು. ಕಾಲುಗಳ ನಡುವೆ ಸ್ವಲ್ಪ ಅಂತರ ಇರಲಿ, ಇಲ್ಲದಿದ್ದರೆ ಒಂದು ಕಾಲಿನ ಮೊಳೆ ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಅಗಲ ಪ್ಯಾಂಟ್ ಹಾಕಿದವರು ಕೆಳಗೆ ಕಾಲುಚೀಲದೊಳಗೆ ತುರುಕಿಕೊಳ್ಳಿ. ಇಳಿಯುವಾಗ ಮಂಡಿ ಬಗ್ಗಿಸಿ, ಹಿಂದಕ್ಕೆ ವಾಲಬೇಡಿ. ಗೈಡ್ ನಡೆದ ಜಾಡಿನಲ್ಲೇ ನಡೆಯಿರಿ. ಫೋಟೊಗಾಗಿ ಸಾಲು ಬಿಟ್ಟು ಪಕ್ಕಕ್ಕೆ ಹೋಗುವವರಿಗೆ ಅವರು ಬೈಯುತ್ತಾರೆ, ಬೈಯಲೇಬೇಕು.

ಅಲ್ಲಿ ಮಣ್ಣಿನ ಗುಡ್ಡೆಗಳ ಹಾಗೆ ಕಪ್ಪು ಕೋನಗಳು ಕಾಣುತ್ತವೆ. ಗೈಡ್ ಕೊಡಲಿಯಿಂದ ಕೆರೆದರೆ ಒಳಗೆ ಬರೀ ಮಂಜುಗಡ್ಡೆ. ಮೇಲಿನ ಬೂದಿಯ ದಪ್ಪ ಪದರ ಬಿಸಿಲು ತಾಗದಂತೆ ಕಾಪಾಡಿದ್ದರಿಂದ ಅಷ್ಟು ಭಾಗ ಕರಗದೆ ಉಳಿದಿದ್ದು, ಸುತ್ತಲಿನದು ಕರಗಿ ಕೆಳಗೆ ಹೋಗಿದೆ.

ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ? ಸ್ಕಾಫ್ಟಾಫೆಲ್ ಪ್ರವಾಸಿ ಕೇಂದ್ರದಿಂದ ಸ್ಕಾಫ್ಟಾಫೆಲ್ಸ್‌ಯೋಕುಲ್ ಕಡೆಗೆ ಹೆಚ್ಚು ಏರಿಳಿತವಿಲ್ಲದ ಕಾಲುದಾರಿ ಇದೆ, ಹೋಗಿ ಬರಲು ನಾಲ್ಕು ಕಿ.ಮೀ. ಒಳಗೆ. ನಿಧಾನ ನಡೆದರೆ ಆರಾಮ. ಅದೂ ಬೇಡವೆಂದರೆ ನೇರ ಸರೋವರಕ್ಕೆ ಹೋಗಿ, ಪಾರ್ಕಿಂಗ್‌ನಿಂದ ನೂರು ಹೆಜ್ಜೆಯೂ ಇಲ್ಲ.

ಹಂತ 6: ಸರೋವರದಲ್ಲಿ

ಯೋಕುಲ್ಸಾರ್ಲೋನ್ 2017ರಲ್ಲಿ ವಾಟ್ನಾಯೋಕುಲ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು, 2019ರಲ್ಲಿ ಇಡೀ ಉದ್ಯಾನ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬಂತು. ಪ್ರವೇಶಕ್ಕೆ ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ಕಾರಿಗೆ ಸಾವಿರ ಕ್ರೋನಾದ (ಅಲ್ಲಿನ ಹಣ) ಆಸುಪಾಸು. ಗೇಟ್ ಇಲ್ಲ ಅಂತ ಸುಮ್ನೆ ಹೋಗಿಬಿಡಬೇಡಿ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಪಾರ್ಕಾ ಅನ್ನುವ ಆ್ಯಪ್‌ನಲ್ಲಿ ಅವತ್ತೇ ಕಟ್ಟಿ. ಕಟ್ಟದಿದ್ದರೆ ಬಾಡಿಗೆ ಕಂಪನಿಯವರ ಮೂಲಕ ದಂಡದ ಜೊತೆ ಬರುತ್ತದೆ.

ಹೋಗುವ ಮುಂಚೆ ಭರತ ಇಳಿತದ ಸಮಯ ನೋಡಿಕೊಳ್ಳಿ. ನೀರು ಹೊರಗೆ ಹರಿಯುವ ಹೊತ್ತಿನಲ್ಲಿ ಸೇತುವೆಯ ಹತ್ತಿರ ನಿಂತರೆ ಲಾರಿ ಗಾತ್ರದ ಮಂಜುಗಡ್ಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಸಮುದ್ರಕ್ಕೆ ಸಾಗುವುದು ಕಾಣುತ್ತದೆ. ನೀರು ಒಳಗೆ ಬರುವಾಗ ಮೀನಿನ ಹಿಂದೆ ಸೀಲ್‌ಗಳು ಬರುತ್ತವೆ. ಗಡ್ಡೆಗಳಲ್ಲಿ ಕೆಲವು ಬೆಳ್ಳಗೆ, ಕೆಲವು ಕಡು ನೀಲಿ, ಕೆಲವಕ್ಕೆ ಕಪ್ಪು ಗೆರೆ. ಕಪ್ಪು ಹಳೆಯ ಜ್ವಾಲಾಮುಖಿಗಳ ಬೂದಿ. ಒತ್ತಿ ಗಟ್ಟಿಯಾದ ಗಡ್ಡೆ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಬಿಡುತ್ತದೆ, ಅದಕ್ಕೆ ನೀಲಿ. ಗಾಳಿ ಬಿಸಿಲಿಗೆ ಮೇಲ್ಮೈ ಸಡಿಲವಾದರೆ ಬೆಳ್ಳಗಾಗುತ್ತದೆ. ಅಂದರೆ ಹೊಳೆಯುವ ನೀಲಿ ಗಡ್ಡೆ ಕಂಡರೆ ಅದು ಈಚೆಗಷ್ಟೇ ಮಗುಚಿದ್ದು ಅಥವಾ ಒಡೆದದ್ದು. ಹತ್ತರಲ್ಲಿ ಒಂಬತ್ತು ಭಾಗ ನೀರಿನಡಿಯಲ್ಲೇ ಇರುವುದರಿಂದ ಯಾವಾಗ ಮಗುಚುತ್ತದೆ ಅಂತ ಹೇಳಲಾಗದು. ದಡಕ್ಕೆ ತಾಗಿ ನಿಂತ ಗಡ್ಡೆಯ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ಈಗಲೂ ಜನ ಮಾಡುತ್ತಾರೆ. ಗಡ್ಡೆ ತೇಲಿ ಹೋದರೆ ನೀವು ಸೊನ್ನೆ ಡಿಗ್ರಿ ಆಸುಪಾಸಿನ ನೀರಿನ ಮಧ್ಯೆ. ಈಜು ಬಂದರೂ ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ.

ಬೋಟ್‌ನಲ್ಲಿ ಎರಡು ಬಗೆ. ಚಕ್ರವೂ ಇರುವ ದೊಡ್ಡ ಬೋಟ್ ನೆಲದಿಂದ ನೇರ ನೀರಿಗಿಳಿಯುತ್ತದೆ, ಅರ್ಧ ಗಂಟೆ ನಲವತ್ತು ನಿಮಿಷ, ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಸರಿ. ಝೋಡಿಯಾಕ್ ಅನ್ನುವ ರಬ್ಬರ್ ಬೋಟ್ ಸಣ್ಣದು, ವೇಗದ್ದು, ಹಿಮನದಿಯ ಗೋಡೆಯ ಕಡೆಗೆ ಹೋಗುತ್ತದೆ, ಒಂದು ಗಂಟೆಯಷ್ಟು. ಚಳಿಗೆ ಇಡೀ ಮೈ ಮುಚ್ಚುವ ಸೂಟ್ ಅವರೇ ಕೊಡುತ್ತಾರೆ. ಮೈಯಲ್ಲಿ ಶಕ್ತಿ ಇದ್ದವರು ಎರಡನೆಯದನ್ನೇ ಮಾಡಿ. ಮೊದಲನೆಯದರಲ್ಲಿ ಕಾಣುವ ಬಹುಪಾಲು ದಡದಿಂದಲೂ ಕಾಣುತ್ತದೆ.

ಇಲ್ಲಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ.ಗೆ ಫ್ಯಾಲ್ಸಾರ್ಲೋನ್ ಅನ್ನುವ ಇನ್ನೊಂದು ಸರೋವರ. ಚಿಕ್ಕದು. ಬಸ್ಸುಗಳು ಕಡಿಮೆ. ಹಿಮನದಿಯ ಗೋಡೆ ಕಣ್ಣೆದುರೇ ನಿಂತಿರುತ್ತದೆ. ಹೆಸರುವಾಸಿ ಜಾಗ ಯೋಕುಲ್ಸಾರ್ಲೋನ್ ಇರಬಹುದು, ಸುಮ್ಮನೆ ಕೂತು ನೋಡಲು ನನಗೆ ಇದೇ ಇಷ್ಟ.

ಬೇಸಿಗೆಯಲ್ಲಿ ಸರೋವರದ ಸುತ್ತ ಆರ್ಕ್ಟಿಕ್ ಟರ್ನ್ ಹಕ್ಕಿಗಳು ಗೂಡು ಕಟ್ಟುತ್ತವೆ, ಹತ್ತಿರ ಹೋದರೆ ತಲೆಗೇ ಕುಕ್ಕುತ್ತವೆ. ಟೋಪಿ ಹಾಕಿಕೊಂಡು ಬೇರೆ ಕಡೆ ನಡೆಯಿರಿ, ಜಗಳಕ್ಕೆ ನಿಲ್ಲಬೇಡಿ. ಡ್ರೋನ್ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ರಸ್ತೆ ದಾಟಿದರೆ ಡೈಮಂಡ್ ಬೀಚ್. ಸರೋವರದಿಂದ ಹೊರಗೆ ಹೋದ ಗಡ್ಡೆಗಳನ್ನು ಅಲೆ ತಂದು ಕಪ್ಪು ಮರಳಿನ ಮೇಲೆ ಎಸೆಯುವ ಜಾಗ. ಒಂದು ದಿನ ದಡದ ತುಂಬ ಗಡ್ಡೆ, ಮರುದಿನ ಒಂದೂ ಇಲ್ಲ. ಹೊಳೆಯ ಎರಡೂ ಬದಿಯ ದಡ ನೋಡಿ, ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಇರಬಹುದು. ಎರಡು ರಾತ್ರಿ ಉಳಿಯಿರಿ ಅಂದಿದ್ದು ಇದಕ್ಕೂ ಸೇರಿಸಿ. ಇಲ್ಲಿನ ಅಲೆಗಳ ಲೆಕ್ಕ ನಮ್ಮ ಮಲ್ಪೆ, ಗೋಕರ್ಣದ್ದಲ್ಲ. ಆರು ಅಲೆ ದೂರದಲ್ಲೇ ನಿಂತು, ಏಳನೆಯದು ಮೊಣಕಾಲಿನವರೆಗೆ ಬಂದು ಎಳೆದುಕೊಂಡು ಹೋಗಬಹುದು, ಜೊತೆಗೆ ಕ್ವಿಂಟಾಲ್ ತೂಕದ ಗಡ್ಡೆಯನ್ನೂ ಉರುಳಿಸಿಕೊಂಡು. ಸಮುದ್ರಕ್ಕೆ ಬೆನ್ನು ಹಾಕಬೇಡಿ. ವೀಕ್ ಹತ್ತಿರದ ರೇನಿಸ್‌ಫ್ಯಾರಾದಲ್ಲಿ ಇದೇ ಬಗೆಯ ಅಲೆಗೆ ಜನ ಸತ್ತಿದ್ದಾರೆ. ಅಲ್ಲಿ ಎಚ್ಚರಿಕೆ ದೀಪ ಹಾಕಿದ್ದಾರೆ, ಅದನ್ನು ನೋಡಿಯೇ ಇಳಿಯಿರಿ.

ಹಿಮಗುಹೆ ಬೇಕೆನ್ನುವವರಿಗೆ

ಕರಗಿದ ನೀರು ಹರಿದು ಕೊರೆದ ಸುರಂಗಗಳು ಇವು. ಚಳಿಗಾಲದಲ್ಲಿ ನೀರು ನಿಂತು, ಗಡ್ಡೆ ಗಟ್ಟಿಯಾದ ಮೇಲೆಯೇ ಒಳಗೆ ಹೋಗುವುದು ಸರಿ. ಪ್ರತಿ ವರ್ಷ ಹಳೆಯದು ಕುಸಿದು ಹೊಸದು ಸಿಗುತ್ತದೆ, ಹಾಗಾಗಿ ಜಾಹೀರಾತಿನಲ್ಲಿ ನೋಡಿದ ಗುಹೆಯೇ ಸಿಗುತ್ತದೆ ಅಂತ ನಂಬಬೇಡಿ. 2024ರ ಆಗಸ್ಟ್‌ನಲ್ಲಿ ಬ್ರೇಡಾಮೆರ್ಕುರ್‌ಯೋಕುಲ್‌ನಲ್ಲಿ ಗೈಡ್ ಜೊತೆಗಿದ್ದ ಗುಂಪಿನ ಮೇಲೆಯೇ ಮಂಜುಗಡ್ಡೆ ಕುಸಿದು ಒಬ್ಬ ಪ್ರವಾಸಿ ತೀರಿಕೊಂಡ. ಗೈಡ್ ಇದ್ದರೆ ಸಾಕು ಅನ್ನುವ ಮಾತು ಅಲ್ಲಿಗೆ ಮುಗಿಯಿತು, ತಿಂಗಳೂ ಮುಖ್ಯ. ಬೇಸಿಗೆಯಲ್ಲಿ ವಾಟ್ನಾಯೋಕುಲ್‌ನ ಗುಹೆ ತೋರಿಸುತ್ತೇನೆ ಅಂತ ಯಾರು ಹೇಳಿದರೂ ಬೇಡ ಅನ್ನಿ. ಚಳಿಗಾಲದಲ್ಲಿ ಕೂಡ ಮಳೆ ಬಂದು ಬೆಚ್ಚಗಾದ ದಿನ ಟೂರ್ ರದ್ದು ಮಾಡಿದರೆ ಜಗಳ ಆಡಬೇಡಿ.

ಬಟ್ಟೆ ಮತ್ತು ಊಟ

ಹತ್ತಿ ಬಟ್ಟೆ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ, ಒದ್ದೆಯಾದರೆ ಇಡೀ ದಿನ ಒಣಗುವುದಿಲ್ಲ. ಒಳಗೆ ಥರ್ಮಲ್, ಮಧ್ಯೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ದಪ್ಪ ಒಂದೇ ಕೋಟಿಗಿಂತ ಮೂರು ತೆಳು ಪದರ ಒಳ್ಳೆಯದು, ನಡೆಯುವಾಗ ಬೆವರುತ್ತೀರಿ. ಕೊಡೆ ತರಬೇಡಿ, ಗಾಳಿಗೆ ಮೊದಲ ನಿಮಿಷದಲ್ಲೇ ಹೋಗುತ್ತದೆ. ಮನೆಯವರು ನಕ್ಕರೂ ಪರವಾಗಿಲ್ಲ, ಮಂಕಿ ಟೋಪಿ ಇರಲಿ. ಎರಡು ಜೊತೆ ಕೈಗವಸು, ತಂಪು ಕನ್ನಡಕ, ಫೋನಿಗೆ ಪವರ್ ಬ್ಯಾಂಕ್. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಒಳಜೇಬಿನಲ್ಲಿರಲಿ.

ಸಸ್ಯಾಹಾರಿಗಳಿಗೆ ಹೆದ್ದಾರಿಯಲ್ಲಿ ಸಿಗುವುದು ಕಡಿಮೆ, ಸಿಕ್ಕಿದ್ದು ದುಬಾರಿ. ಅಡುಗೆಮನೆ ಇರುವ ಗೆಸ್ಟ್‌ಹೌಸ್ ಆರಿಸಿ. ಅಕ್ಕಿ, ತರಕಾರಿ, ಬ್ರೆಡ್, ಸ್ಕಿರ್ ಅನ್ನುವ ಗಟ್ಟಿ ಮೊಸರು ಬೋನುಸ್, ಕ್ರೋನನ್ ಅಂಗಡಿಗಳಲ್ಲಿ ಸಿಗುತ್ತವೆ. ಊರಿನಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿಟ್ಟು ಮಿಕ್ಸ್, ಅವಲಕ್ಕಿ ತಂದರೆ ಮೂರು ದಿನ ಹಾಯಾಗಿ ಕಳೆಯುತ್ತದೆ. ಹಾಲಿನ ಮತ್ತು ಮಾಂಸದ ಪದಾರ್ಥ ಮಾತ್ರ ತರಬೇಡಿ, ಯುರೋಪಿನ ಹೊರಗಿನಿಂದ ಬಂದವರಿಗೆ ಅದಕ್ಕೆ ಅವಕಾಶವಿಲ್ಲ. ಮೈಸೂರ್ ಪಾಕು, ಪೇಡ ಕಟ್ಟಿಕೊಡುವ ಅತ್ತೆಗೆ ಇದನ್ನು ಹೇಳುವುದು ನಿಮ್ಮ ಪಾಡು. ಬಾಟಲಿ ನೀರು ಕೊಳ್ಳಬೇಡಿ, ನಲ್ಲಿಯ ತಣ್ಣೀರು ಕುಡಿಯಲು ಚೆನ್ನಾಗಿದೆ. ಬಿಸಿನೀರಿಗೆ ಗಂಧಕದ ವಾಸನೆ ಬರಬಹುದು, ಅದು ಸ್ನಾನಕ್ಕೆ.

ದಿನಗಳನ್ನು ಜೋಡಿಸುವುದು

ಕನಿಷ್ಠ ಐದು ದಿನ ಇದ್ದರೆ ಹೀಗೆ. ಮೊದಲ ದಿನ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಇಳಿದು ರೇಕ್ಯಾವಿಕ್‌ನಲ್ಲಿ ಮಲಗಿ. ಭಾರತದಿಂದ ವಿಮಾನ ಬದಲಿಸಿ ಬಂದ ಆಯಾಸದಲ್ಲಿ ಸ್ಟೀರಿಂಗ್ ಹಿಡಿಯಬೇಡಿ. ಎರಡನೇ ದಿನ ಸೆಲ್ಯಾಲಾಂಡ್ಸ್‌ಫಾಸ್, ಸ್ಕೋಗಾಫಾಸ್ ಜಲಪಾತ ನೋಡುತ್ತಾ ಸ್ಕಾಫ್ಟಾಫೆಲ್ ಕಡೆಯ ರೂಮಿಗೆ. ಮೂರನೇ ದಿನ ಮತ್ತು ನಾಲ್ಕನೇ ದಿನದ ಬೆಳಿಗ್ಗೆಗೆ ಮೂರು ಕೆಲಸ ಇಟ್ಟುಕೊಳ್ಳಿ: ನಡಿಗೆ, ಬೋಟ್, ಎರಡು ಸರೋವರ ಮತ್ತು ಬೀಚ್. ನಡಿಗೆಯನ್ನು ಮೂರನೇ ದಿನಕ್ಕೆ ಬುಕ್ ಮಾಡಿ, ಗಾಳಿಗೆ ರದ್ದಾದರೆ ನಾಲ್ಕಕ್ಕೆ ದೂಡಬಹುದು. ಸರೋವರಕ್ಕೆ ಟಿಕೆಟ್ ಇಲ್ಲದ್ದರಿಂದ ಬೆಳಕು ಚೆನ್ನಾಗಿರುವಾಗ ಯಾವಾಗ ಬೇಕಾದರೂ ಹೋಗಬಹುದು, ಎರಡು ಸಲ ಹೋಗಿ. ನಾಲ್ಕನೇ ದಿನ ಮಧ್ಯಾಹ್ನ ಪಶ್ಚಿಮಕ್ಕೆ ಹೊರಡಿ.

ವಾಪಸ್ ವಿಮಾನದ ಹಿಂದಿನ ರಾತ್ರಿ ಮಾತ್ರ ರೇಕ್ಯಾವಿಕ್ ಅಥವಾ ಕೆಫ್ಲಾವಿಕ್‌ನಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡ. ಬಿರುಗಾಳಿ ಬಂದರೆ ಹೆದ್ದಾರಿಗೆ ಗೇಟ್ ಹಾಕಿಬಿಡುತ್ತಾರೆ, ಬೇರೆ ದಾರಿ ಅಂತ ಇಲ್ಲ, ಗೇಟ್ ತಪ್ಪಿಸಿ ಹೋದವರ ವಿಮೆಗೆ ಬೆಲೆಯಿಲ್ಲ. ಹಾಗೆ ಸಿಕ್ಕಿಕೊಂಡರೆ ಮೊದಲು ಇವತ್ತು ಉಳಿದಿರುವ ಗೆಸ್ಟ್‌ಹೌಸ್‌ನವರಿಗೆ ಇನ್ನೊಂದು ರಾತ್ರಿ ಕೇಳಿ. ಆಮೇಲೆ ಮುಂದಿನ ರೂಮಿನವರಿಗೂ ಕಾರು ಬಾಡಿಗೆಯವರಿಗೂ ಫೋನ್ ಮಾಡಿ, ರಸ್ತೆ ಮುಚ್ಚಿದ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ವಿಮೆ ಕ್ಲೇಮಿಗೆ ಬೇಕಾಗುತ್ತದೆ.